ಜೀನಿಗೆ ಕಟ್ಟಿದ ಒರೆ

ಅಂಗಡಿಯಿಂದ, ವಯೋಮಿಂಗ್
ಮೇ ೨೮, ೧೯೯೧

ಡೀನಾ,

ನಿನ್ನ ಕಾಗದ ಬಂತು. ಆ ಒರೆ ಕೊಡುವುದಿಲ್ಲ.

ಇಷ್ಟೇ ಬರೆದು ಲಕೋಟೆ ಅಂಟಿಸೋಣ ಎಂದುಕೊಂಡಿದ್ದೆ. ಆದರೆ ನೀನು ನಿನ್ನ ಅಪ್ಪನ ಮಗಳು. ಕಾರಣ ಹೇಳದೆ ಬೇಡ ಎಂದರೆ ಅದನ್ನೇ ಮಾಡುವವಳು. ಅದಕ್ಕೆ ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟ ನಿನ್ನ ಸೋದರತ್ತೆ ಚರ್ಮ ಹೊಲಿಯುವ ದಬ್ಬಳ ಬದಿಗಿಟ್ಟು ಪೆನ್ನು ಹಿಡಿದು ಕೂತಿದ್ದಾಳೆ. ಅಕ್ಷರ ಸೊಟ್ಟಗಿದ್ದರೆ ಬಾಯಿ ಮುಚ್ಚಿಕೊಂಡು ಓದು.

ಸೋಮವಾರ ನೀನು ಮೇಲಿನ ಹುಲ್ಲುಗಾವಲಿಗೆ ದನ ಕಾಯಲು ಹೋಗುತ್ತೀ. ನಾಲ್ಕು ತಿಂಗಳು, ನಾನೂರು ದನ, ನೀನೊಬ್ಬಳೇ. ಕರಡಿ ತಿರುಗುವ ಕಾಡು, ರಿವಾಲ್ವರ್ ಬೇಕು, ಒಪ್ಪಿದೆ. ಸೊಂಟಕ್ಕೆ ಕಟ್ಟಿದರೆ ಎಲುಬಿಗೆ ಉಜ್ಜಿ ಗಾಯವಾಗುತ್ತದೆ, ಅದಕ್ಕೆ ನನ್ನ ಅಂಗಡಿ ಬಾಗಿಲ ಹಿಂದೆ ಮೊಳೆಗೆ ತೂಗುವ ಆ ಹಳೆಯ ಒರೆ ಕಳಿಸು, ಜೀನಿನ ಮುಂಭಾಗದ ಕೊಂಬಿಗೆ ಸಿಕ್ಕಿಸಿಕೊಂಡು ಹಾಯಾಗಿ ಹೋಗುತ್ತೇನೆ ಎಂದು ಬರೆದಿದ್ದೀ. ಹಾಯಾಗಿ ಅಂತೆ.

ಸೊಂಟದ ಮಾತು ನಿಜ. ನಲವತ್ತು ವರ್ಷದಿಂದ ಒರೆ ಹೊಲಿಯುತ್ತಿದ್ದೇನೆ, ನೀನು ಹೇಳಬೇಕಾಗಿಲ್ಲ. ನಡೆಯುವವನಿಗೆ ಬಲ ಸೊಂಟ ಸರಿ. ಕುದುರೆ ಮೇಲೆ ಕೂತ ಕೂಡಲೇ ಒರೆಯ ತುದಿ ಜೀನಿಗೆ ತಾಗಿ ಹಿಡಿಕೆ ಪಕ್ಕೆಲುಬಿಗೆ ಗುದ್ದುತ್ತದೆ. ಕರು ಹಿಡಿಯಲು ಹಗ್ಗ ಎಸೆದು ಜೀನಿನ ಕೊಂಬಿಗೆ ಸುತ್ತುವಾಗ ಆ ಹಗ್ಗವೂ ಅದೇ ಬಲ ಸೊಂಟದ ಮೇಲೆ ಹರಿಯುತ್ತದೆ. ಹಿಡಿಕೆಗೆ ಒಂದು ಸುತ್ತು ಸಿಕ್ಕಿದರೆ, ಆ ಕಡೆ ಆರು ಮಣ ಕರು, ಈ ಕಡೆ ನೀನು. ಎಡ ಹೊಟ್ಟೆಯ ಮೇಲೆ ಅಡ್ಡಡ್ಡ ಕಟ್ಟಿದರೆ ಕೂರಲು ಸುಖ, ಆದರೆ ಎಡಗಡೆಯಿಂದ ಹತ್ತುವಾಗ ಲಗಾಮು ಸಿಕ್ಕಿಕೊಳ್ಳುತ್ತದೆ. ಹುಟ್ಟಾ ಆತುರಗೇಡಿ ನೀನು, ದಿನಾ ಸಿಕ್ಕಿಸಿಕೊಳ್ಳುತ್ತೀ.

ಇನ್ನು ಜೀನಿಗೆ ಕಟ್ಟುವ ಒರೆ. ಅದಕ್ಕಿಂತ ಸುಖವಾದದ್ದು ಬೇರೆ ಇಲ್ಲ. ಮೈಮೇಲೆ ಭಾರವಿಲ್ಲ, ಉಜ್ಜುವುದಿಲ್ಲ, ಕೈ ಚಾಚಿದರೆ ಸಿಗುತ್ತದೆ. ಕುದುರೆ ನಿನ್ನ ಕೆಳಗಿರುವವರೆಗೆ.

ನಿನ್ನ ಅಪ್ಪ ರಾಯ್ಸ್ ನಿನ್ನ ಹಾಗೆಯೇ ಗೊಣಗುತ್ತಿದ್ದ. ಅರವತ್ತೊಂಬತ್ತರ ವಸಂತದಲ್ಲಿ ಅಂಗಡಿಗೆ ಬಂದು ಅಂಗಿ ಎತ್ತಿ ಸೊಂಟ ತೋರಿಸಿದ. ಅಂಗೈಯಗಲ ಚರ್ಮ ಕಿತ್ತುಹೋಗಿತ್ತು. “ಅಕ್ಕಾ, ನೀನು ಊರಿಗೆಲ್ಲ ಒರೆ ಹೊಲೀತೀಯ, ತಮ್ಮನ ಸೊಂಟ ಮಾತ್ರ ಸುಲೀತೀಯ. ಈ ದರಿದ್ರದ್ದನ್ನ ಜೀನಿಗೆ ಕಟ್ಟೋ ಹಾಗೆ ಮಾಡಿಕೊಡು,” ಅಂದ. ನಿನ್ನ ಅಮ್ಮ ಫರ್ನ್ ನಿನ್ನನ್ನು ಕಂಕುಳಲ್ಲಿ ಎತ್ತಿಕೊಂಡು ಅಲ್ಲೇ ನಿಂತಿದ್ದಳು. ನಿನಗೆ ಮೂರು ವರ್ಷ, ಮೂಗು ಸುರಿಯುತ್ತಿತ್ತು. ಅವಳು, “ಅತ್ತಿಗೆ, ಬೇಡ. ಇವನು ವಾರಕ್ಕೊಂದು ಸಲ ಬೀಳ್ತಾನೆ,” ಅಂದಳು. ನಾನು, “ನಿನ್ನಪ್ಪನ ಮನೇಲಿ ಕುದುರೆ ಇತ್ತೇನೇ, ನನಗೆ ಹೇಳಿಕೊಡೋಕೆ?” ಎಂದು ಬಾಯಿ ಮುಚ್ಚಿಸಿದೆ. ಹೊಲಿದುಕೊಟ್ಟೆ. ಎರಡು ದಿನ ಕೂತು ಹೊಲಿದೆ, ಒಳ್ಳೆಯ ಕೆಲಸ. ಅವನು ಬಲು ಖುಷಿಪಟ್ಟ.

ಜೂನ್ ಹತ್ತಕ್ಕೆ ಅವನು ಟ್ರ್ಯಾಪರ್ ಹಳ್ಳದ ಕಡೆ ದನ ಹುಡುಕಿ ಹೋದ. ಮರುದಿನ ಬೆಳಗ್ಗೆ ಅವನ ಕುದುರೆ ಬಿಸ್ಕೆಟ್ ಒಂಟಿಯಾಗಿ ನನ್ನ ಅಂಗಳಕ್ಕೆ ಬಂತು. ಮೊದಲು ನೋಡಿದವಳು ನಾನೇ. ಲಗಾಮು ಹರಿದಿತ್ತು, ಒಂದು ಮೊಣಕಾಲಿನಲ್ಲಿ ರಕ್ತ.

ಮುಂದಿನದು ನಿನ್ನ ಅಮ್ಮ ನಿನಗೆ ಹೇಳಿದ್ದಾಳೆ. ಊರಿನ ಹದಿನೇಳು ಜನ ಕುದುರೆ ಏರಿ ಹೊರಟರು, ಎಲ್ಡನ್ ಮುಂದಾಳು. ಹಿಮ ಕರಗಿ ಹಳ್ಳ ತುಂಬಿ ಭೋರ್ಗರೆಯುತ್ತಿತ್ತು, ನೂರು ಗಜದಾಚೆ ಕೂಗಿದರೂ ಕೇಳಿಸದು. ಎಲ್ಡನ್ ಹಳ್ಳದ ಬಾಯಲ್ಲಿ ಎಲ್ಲರನ್ನೂ ನಿಲ್ಲಿಸಿದ. ನಮ್ಮ ಗುಡ್ಡದವರ ವಾಡಿಕೆ ನಿನಗೆ ಗೊತ್ತು: ಬಿದ್ದವನು ನಡುನಡುವೆ ಬಿಟ್ಟು ಮೂರು ಗುಂಡು ಹಾರಿಸಬೇಕು. ಎಲ್ಡನ್ ತಾನು ಮೂರು ಹಾರಿಸಿ, ಎರಡು ಗಂಟೆ ಕಾದ. ಉತ್ತರ ಬರಲಿಲ್ಲ. “ರಾಯ್ಸ್ ಹತ್ರ ರಿವಾಲ್ವರ್ ಇದೆ. ಜೀವ ಇದ್ದಿದ್ರೆ, ಇಲ್ಲೇ ಇದ್ದಿದ್ರೆ, ಹಾರಿಸ್ತಿದ್ದ. ಇಲ್ಲಿಲ್ಲ. ಗುಡ್ಡದಾಚೆ ಹೋಗೋಣ,” ಅಂದ. ಎಲ್ಲರೂ ಆಚೆ ಹೋದರು. ಎರಡು ದಿನ ಆಚೆಯೇ ಹುಡುಕಿದರು.

ನಾಲ್ಕನೆಯ ದಿನ ಈಚೆಯೇ ಸಿಕ್ಕಿದ. ಅವರು ನಿಂತು ಕಿವಿಗೊಟ್ಟ ಜಾಗದಿಂದ ಮುಕ್ಕಾಲು ಮೈಲಿ. ಜೀವ ಹೋಗಿತ್ತು. ತೊಡೆ ಮುರಿದಿತ್ತು. ಅಂಗಿ ಹರಿದು, ಕೊಂಬೆ ಇಟ್ಟು, ಕಾಲನ್ನು ತಾನೇ ಬಿಗಿದುಕೊಂಡಿದ್ದ. ಪಕ್ಕದಲ್ಲಿ ಮೂರು ಕಡೆ ಬೂದಿ ಇತ್ತು, ಒಂದೊಂದು ದಿನ ಒಂದೊಂದು ಕಡೆ ತೆವಳಿ ಬೆಂಕಿ ಹಾಕಿದ್ದ. ರಿವಾಲ್ವರ್ ಹತ್ತಿರ ಇರಲಿಲ್ಲ, ಹಳ್ಳಕ್ಕೆ ಬಿದ್ದುಹೋಗಿರಬೇಕು ಅಂದರು ಎಲ್ಲರೂ. ಎಲ್ಡನ್ ಹಾರಿಸಿದ ಮೂರು ಗುಂಡು ಅವನಿಗೆ ಕೇಳಿಸಿಯೇ ಇರುತ್ತದೆ.

ಅಂದಿನಿಂದ ನಿನ್ನ ಅಮ್ಮ ಎಲ್ಡನ್ ಮುಖ ನೋಡಿಲ್ಲ. ಅವನು ಇರುವ ಅಂಗಡಿಗೆ ಕಾಲಿಡುವುದಿಲ್ಲ. ಆ ಮನುಷ್ಯನೂ ಮತ್ತೆ ಯಾವತ್ತೂ ಯಾರನ್ನೂ ಹುಡುಕಲು ಮುಂದೆ ನಿಂತಿಲ್ಲ. ಹೋದ ವಾರ ಅವನು ಗುಡ್ಡಕ್ಕೆ ಪಳಗಿದ ತನ್ನ ಕುದುರೆಯನ್ನು ನಿನಗೆ ಕೊಡುತ್ತೇನೆಂದು ಬಂದಾಗ ಬೆನ್ನು ತಿರುಗಿಸಿ ಒಳಗೆ ಹೋದೆ ಎಂದು ಬರೆದಿದ್ದೀ. ಬರೆದ ರೀತಿ ನೋಡಿದರೆ ಹೆಮ್ಮೆ ಪಟ್ಟ ಹಾಗಿತ್ತು. ಅದನ್ನು ಓದಿದ ಮೇಲೆ ನನಗೆ ಊಟ ಸೇರಿಲ್ಲ.

ಈ ಡಬ್ಬಿಯಲ್ಲಿ ಹೊಸ ಒರೆ ಇದೆ. ಎದೆಯ ಮೇಲೆ ಕಟ್ಟುವುದು. ನಿನ್ನ ಅಳತೆ ನಿನ್ನ ಅಮ್ಮನನ್ನು ಕೇಳಿದೆ. “ಅತ್ತಿಗೆ, ನೀವು ಯಾರನ್ನೂ ಕೇಳಿ ಹೊಲಿದೋರಲ್ಲ, ಇದೇನು ಹೊಸದು?” ಎಂದು ನಕ್ಕಳು. ಭಾರ ಎರಡೂ ಹೆಗಲಿಗೆ ಹಂಚಿಹೋಗುತ್ತದೆ, ಸೊಂಟ ಮುಟ್ಟುವುದಿಲ್ಲ, ಹಗ್ಗಕ್ಕೂ ಲಗಾಮಿಗೂ ಅಡ್ಡ ಬರುವುದಿಲ್ಲ. ಪಕ್ಕೆಲುಬು ಮುಗಿಯುವಲ್ಲಿ ಓರೆಯಾಗಿ ಕೂರಬೇಕು. ಮೇಲೆ ಕಟ್ಟಿದರೆ ಬಗ್ಗಿದಾಗ ಗದ್ದಕ್ಕೆ ಬಡಿಯುತ್ತದೆ. ಹೆಗಲ ಪಟ್ಟಿಯ ಒಳಗೆ ಕುರಿ ಉಣ್ಣೆ ಇಟ್ಟಿದ್ದೇನೆ. ಮೊದಲ ವಾರ ಬಿಗಿ ಅನ್ನಿಸುತ್ತದೆ, ಎಣ್ಣೆ ಸುರಿದು ಮೆತ್ತಗೆ ಮಾಡಲು ಹೋಗಬೇಡ, ಒರೆ ಸಡಿಲಾಗಿ ರಿವಾಲ್ವರ್ ಜಾರುತ್ತದೆ. ಮೇಲಿನ ಪಟ್ಟಿಯ ಗುಂಡಿಯನ್ನು ಹೆಬ್ಬೆರಳಿನಿಂದ ಬಿಚ್ಚಿ ತೆಗೆಯುವುದನ್ನು ಕುದುರೆ ಹತ್ತುವ ಮೊದಲು ಐವತ್ತು ಸಲ ಅಭ್ಯಾಸ ಮಾಡು, ಖಾಲಿ ರಿವಾಲ್ವರ್‌ನಲ್ಲಿ.

ಕುದುರೆ ಮೇಲಿರುವಾಗ ಮಾತ್ರವಲ್ಲ, ಇಳಿದಾಗಲೂ, ನೀರು ಕುಡಿಯುವಾಗಲೂ, ಕಾಫಿ ಕಾಯಿಸುವಾಗಲೂ ಅದು ನಿನ್ನ ಮೈಮೇಲಿರಬೇಕು. ಆರು ಗುಂಡಿನಲ್ಲಿ ಮೂರು ಕರಡಿಗೆ, ಮೂರು ನಮಗೆ. ನಮ್ಮ ಮೂರನ್ನು ಕರಡಿಗೆ ಖರ್ಚು ಮಾಡಬೇಡ.

ಸಿಟ್ಟು ಮಾಡಿಕೊಳ್ಳುವುದಾದರೆ ಮಾಡಿಕೊ. ಕಟ್ಟಿಕೊಂಡು ಮಾಡಿಕೊ.

ನಿನ್ನ ಅತ್ತೆ,
ವೆಲ್ಡಾ

ಮರೆತದ್ದು: ಮರೆತದ್ದಲ್ಲ. ಮೇಲಿನದನ್ನು ಮೂರು ದಿನದ ಹಿಂದೆ ಬರೆದೆ. ಅಂಚೆಗೆ ಎರಡು ಸಲ ಹೋಗಿ ವಾಪಸು ಬಂದೆ. ಬಾಗಿಲ ಹಿಂದಿನ ಆ ಒರೆ ಯಾರದೆಂದು ನೀನು ಚಿಕ್ಕವಳಿದ್ದಾಗ ಕೇಳಿದ್ದೆ. ಯಾರೋ ಗಿರಾಕಿ ಬಿಟ್ಟುಹೋದದ್ದು ಅಂದಿದ್ದೆ. ಅದು ನಿನ್ನ ಅಪ್ಪನದು. ಬಿಸ್ಕೆಟ್ ನನ್ನ ಅಂಗಳಕ್ಕೆ ಬಂದಾಗ ಜೀನಿನ ಮೇಲೇ ಇತ್ತು, ರಿವಾಲ್ವರ್ ಒಳಗೇ ಇತ್ತು. ಯಾರೂ ಬರುವ ಮೊದಲು ನಾನು ಅದನ್ನು ಬಿಚ್ಚಿ ಚರ್ಮದ ರಾಶಿಯ ಕೆಳಗಿಟ್ಟೆ. ಕುಂಟುತ್ತಾ ಬೈಯುತ್ತಾ ಸಂಜೆಯೊಳಗೆ ಅವನು ಬರುತ್ತಾನೆ, ಫರ್ನ್ ‘ನಾನು ಹೇಳಿರಲಿಲ್ಲವಾ’ ಅನ್ನುವುದು ತಪ್ಪುತ್ತದೆ ಎಂದು. ಅಷ್ಟಕ್ಕೇ. ಜೀನಿನ ಮೇಲೆ ಒರೆ ಇಲ್ಲದ್ದನ್ನು ನೋಡಿದ್ದ ಎಲ್ಡನ್ ಹಳ್ಳದ ಬಾಯಲ್ಲಿ ನಿಂತು “ಅವನ ಹತ್ರ ರಿವಾಲ್ವರ್ ಇದೆ” ಅಂದಾಗ ನಾನು ಅವನ ಪಕ್ಕದಲ್ಲೇ ಕುದುರೆ ಮೇಲಿದ್ದೆ. ನಾನು ಬಾಯಿ ಬಿಡಲಿಲ್ಲ. ಊರಿಗೆಲ್ಲ ಬೈಯುವ ಬಾಯಿ.

ಈ ಡಬ್ಬಿ ಅಂಚೆಗೆ ಹಾಕಿ ನೇರ ಎಲ್ಡನ್ ಮನೆಗೆ ಹೋಗುತ್ತೇನೆ, ಆ ಒರೆ ಹಿಡಿದುಕೊಂಡು. ಅಲ್ಲಿಂದ ನಿನ್ನ ಅಮ್ಮನ ಹತ್ತಿರ. ಸೋಮವಾರ ಎಲ್ಡನ್ ಮತ್ತೆ ಕುದುರೆ ತಂದರೆ ತೆಗೆದುಕೊ, ಒಳ್ಳೆಯ ಕುದುರೆ. ಬೆನ್ನು ತಿರುಗಿಸಬೇಕಾದದ್ದು ನನ್ನ ಕಡೆಗೆ. ತಿರುಗಿಸು. ಒರೆ ಮಾತ್ರ ಬಿಚ್ಚಬೇಡ.