ಮೂರು ಎಣ್ಣೆ, ಒಂದು ಒಲೆ

ಮಸಿನಗುಡಿ
17-11-1999, ಬುಧವಾರ

ನಟರಾಜನ ಅಪ್ಪನವರಿಗೆ ಮಾದಮ್ಮನ ನಮಸ್ಕಾರಗಳು.

ನಾವೆಲ್ಲ ಇಲ್ಲಿ ಚೆನ್ನಾಗಿದ್ದೇವೆ. ಗುಂಡ್ಲುಪೇಟೆಯಲ್ಲಿ ನೀವು, ನಿಮ್ಮ ತಂಗಿ ಮಲ್ಲಾಜಮ್ಮ, ಅವಳ ಮಕ್ಕಳು ಎಲ್ಲರೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ಎರಡು ವಾರದಿಂದ ಮನೆ ಸಾಮಾನಿನ ಲೆಕ್ಕ ಬಂದಿಲ್ಲವೆಂದು ಕಾರ್ಡು ಹಾಕಿದ್ದೀರಿ. ತಡವಾಯಿತು, ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಮುನಿಸಿಕೊಂಡು ಮನೆ ಬಿಟ್ಟವರು ಮನೆಯ ಲೆಕ್ಕವನ್ನೂ ಬಿಡುತ್ತಾರೆ ಎಂದುಕೊಂಡಿದ್ದೆ. ನೀವು ನಮ್ಮನ್ನು ಬಿಟ್ಟಿರಿ, ಬೇಳೆಯ ರೇಟನ್ನು ಬಿಡಲಿಲ್ಲ. ತಮಿಳು ಅಕ್ಷರ ಮಾತ್ರ ಗೊತ್ತಿದ್ದ ನನಗೆ ನಮ್ಮ ಹೋಟೆಲಿನ ಬಿಲ್ಲು ಬರೆಯಲೆಂದು ಕನ್ನಡ ಕಲಿಸಿದವರು ನೀವು. ಈಗ ಅದರಲ್ಲೇ ನಿಮಗೆ ಇಷ್ಟುದ್ದ ಬರೆಯುವ ಹಾಗಾಯಿತು. ಅನುಭವಿಸಿ.

ತಡವಾಗಲು ಕಾರಣ ಈರುಳ್ಳಿ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಸಂತೋಷದ ಸುದ್ದಿ. ನಟರಾಜನ ಮಗನಿಗೆ ಒಂದೂವರೆ ತಿಂಗಳು ತುಂಬಿತು. ಮೂಗು ನಿಮ್ಮದೇ, ಅದನ್ನು ತಪ್ಪಿಸಲು ಯಾರಿಂದಲೂ ಆಗಲಿಲ್ಲ. ಹಾಲು ಸ್ವಲ್ಪ ತಡವಾದರೆ ಗೋಡೆಯ ಕಡೆ ಮುಖ ತಿರುಗಿಸಿ ಮಲಗಿಬಿಡುತ್ತಾನೆ, ಅದೂ ನಿಮ್ಮದೇ. ಹೆಸರು ಇನ್ನೂ ಇಟ್ಟಿಲ್ಲ. ತಾತನೇ ಬಂದು ಕಿವಿಯಲ್ಲಿ ಹೇಳಲಿ ಎಂದು ಕಾಯುತ್ತಿದ್ದೇವೆ. ಅಲ್ಲಿಯವರೆಗೆ ಅವನ ಅಕ್ಕ ಪುಷ್ಪಾ ಅವನನ್ನು ಟಮೋಟ ಎಂದು ಕರೆಯುತ್ತಿದ್ದಾಳೆ. ನೀವು ಇನ್ನೂ ತಡಮಾಡಿದರೆ ರೇಷನ್ ಕಾರ್ಡಿಗೂ ಅದೇ ಹೆಸರು ಹೋಗುತ್ತದೆ.

ಇನ್ನು ನಿಮ್ಮ ಕಾರ್ಡಿನ ಮಾತು. "ದೇವ ಕಟ್ಟಿಕೊಂಡು ಬಂದವಳಿಗೆ ಹಿಂದಿನ ಕೋಣೆಯಲ್ಲಿ ಬೇರೆ ಒಲೆ ಹಾಕಿಸು, ಆಮೇಲೆ ಬರುತ್ತೇನೆ. ಎಸ್ಟೇಟ್ ಲೈನಿನಿಂದ ಬಂದವಳ ಕೈಯ ಅನ್ನ ನಾನು ಮುಟ್ಟುವುದಿಲ್ಲ" ಎಂದು ಮತ್ತೆ ಅದನ್ನೇ ಬರೆದಿದ್ದೀರಿ. ಅದೇ ಕಾರ್ಡಿನಲ್ಲಿ ಕೆಂಪಿ ಹಸುವಿನ ಕಾಲು ವಾಸಿಯಾಯಿತೇ ಎಂದು ಹೆಸರು ಹಿಡಿದು ಕೇಳಿದ್ದೀರಿ. ಕಾಲು ವಾಸಿಯಾಗಿದೆ. ನಿಮ್ಮ ಕಿರಿಮಗನ ಹೆಂಡತಿಗೂ ಒಂದು ಹೆಸರಿದೆ, ತೇನ್ಮೊಳಿ ಎಂದು. ಬರೆಯಲು ಕಷ್ಟವಾದರೆ ಹಾಳೆಯ ಮೇಲೆ ಎರಡು ಸಲ ತಿದ್ದಿ ನೋಡಿ, ಬರುತ್ತದೆ.

ಈಗ ಲೆಕ್ಕ. ಆರು ಜನ ಉಣ್ಣುತ್ತಿದ್ದಾಗ ವಾರಕ್ಕೆ ಏಳುನೂರು ರೂಪಾಯಿ ಎಂದು ನೀವು ಗೆರೆ ಎಳೆದಿರಿ. ಹೋಟೆಲಿನ ಉಗ್ರಾಣದಿಂದ ಒಂದು ಹಿಡಿ ಉದ್ದೂ ಮನೆಗೆ ಬರಬಾರದೆಂಬ ಕಾನೂನೂ ನಿಮ್ಮದೇ. ಅದನ್ನು ನಾನು ಮುರಿದಿಲ್ಲ. ಆದರೆ ದೇವನ ಮದುವೆಯ ಮರುದಿನ ನೀವು ಚೀಲ ಹಿಡಿದು ಹೊರಟ ಮೇಲೆ ಮನೆಯಲ್ಲಿ ಒಂದು ಬಾಯಿ ಹೋಗಿ ಮೂರು ಬಂದವು. ತೇನ್ಮೊಳಿ ಒಂದು. ಮೊಮ್ಮಗ ಒಂದು, ಹಾಲು ಕುಡಿಯುವವನು ಅನ್ನಬೇಡಿ, ಅವನ ಪಾಲನ್ನು ಅವನ ತಾಯಿ ಪ್ರೇಮಲತಾ ಉಣ್ಣಬೇಕು. ಮೂರನೆಯದು ಬಾಣಂತನಕ್ಕೆಂದು ನಂಜನಗೂಡಿನಿಂದ ಬಂದ ಬೀಗಿತ್ತಿ, ಪ್ರೇಮಲತಾಳ ಅವ್ವ. ಹದಿನೈದು ದಿನ ಎಂದು ಬಂದರು. ಅವರು ತಂದ ಟ್ರಂಕು ನೋಡಿದಾಗಲೇ ಅದು ಉದ್ದನೆಯ ಹದಿನೈದು ದಿನ ಎಂದು ನನಗೆ ತಿಳಿಯಿತು.

ಜಗಳ ಹತ್ತಿದ್ದು ಎಣ್ಣೆಗೆ. ಮನೆಗೆ ಮೊದಲಿನಿಂದ ಕಡಲೆಕಾಯಿ ಎಣ್ಣೆ. ಬಾಣಂತಿಗೆ ಎಳ್ಳೆಣ್ಣೆಯೇ ಆಗಬೇಕೆಂದು ಬೀಗಿತ್ತಿ. ಕೇರಳದ ಗಡಿಯ ಪಂದಲೂರಿನ ಟೀ ತೋಟದ ಲೈನಿನಲ್ಲಿ, ಅಂದರೆ ಕೂಲಿಯವರ ಸಾಲುಮನೆಯಲ್ಲಿ, ಬೆಳೆದ ತೇನ್ಮೊಳಿಗೆ ತೆಂಗಿನೆಣ್ಣೆ ಇಲ್ಲದಿದ್ದರೆ ಪಲ್ಯ ಪಲ್ಯವೇ ಅಲ್ಲ. ಒಂದು ದಿನ ಬಾಣಲೆ ಕಾಯುತ್ತಿತ್ತು. ಬೀಗಿತ್ತಿ ಮೂಗು ಹಿಡಿದುಕೊಂಡು, "ಇದೇನ್ ಕರ್ಮ, ತಲೆಗೆ ಹಚ್ಕಳೋದ ಬಾಣಲೆಗೆ ಸುರೀತಾಳಲ್ಲ" ಅಂದರು.

ಹುಡುಗಿ ತಲೆಯನ್ನೂ ಎತ್ತಲಿಲ್ಲ. "ನಿಮ್ ಎಣ್ಣೆ ಬರೀ ಅಡಿಗೆಗೆ. ನಮ್ದು ತಲೆಗೂ ಆಯ್ತು, ಅಡಿಗೆಗೂ ಆಯ್ತು. ಲಾಭ ಯಾರಿಗೆ ಪಾಟಿ?" ಅಂದಳು.

ಪಾಟಿ ಎಂದರೆ ತಮಿಳಿನಲ್ಲಿ ಅಜ್ಜಿ. ಕೂದಲಿಗೆ ಕಪ್ಪು ಹಚ್ಚುವ ನಮ್ಮ ಬೀಗಿತ್ತಿಗೆ ಎಣ್ಣೆಗಿಂತ ಆ ಪಾಟಿಯೇ ಹೆಚ್ಚು ಉರಿಯಿತು.

ಮೂರು ಎಣ್ಣೆ ಸೇರಿ ಆ ವಾರದ ಬಿಲ್ಲು ಒಂಬೈನೂರ ನಲವತ್ತು. ಮನೆ ಬಿಡುವಾಗ ನೀವು ಹೇಳಿ ಹೋಗಿದ್ದ ಬೇರೆ ಒಲೆಯ ಮಾತನ್ನು ನಟರಾಜನೂ ಹಿಡಿದುಕೊಂಡ. "ಅವ್ವಾ, ಅಪ್ಪ ಹೇಳೋದ್ರಲ್ಲೂ ಅರ್ಥ ಐತೆ. ದೇವಂಗೆ ಒಂದು ಗ್ಯಾಸ್ ಕೊಡ್ಸಿದ್ರೆ ಅವರ ಎಣ್ಣೆ ಅವರಿಗೆ, ನಮ್ಮ ಎಣ್ಣೆ ನಮಗೆ. ಅಪ್ಪಾನೂ ಬರ್ತಾರೆ."

"ಎರಡು ಒಲೆ ಅಂದ್ರೆ ಎರಡು ಸಿಲಿಂಡರು, ಎರಡು ಉಪ್ಪಿನ ಜಾಡಿ, ಎರಡು ಸಾರು. ಒಂದು ಕಡೆ ಮಿಕ್ಕಿ ಹಳಸ್ತದೆ, ಇನ್ನೊಂದು ಕಡೆ ಸಾಲದು. ಹೋಟೆಲ್ ನಡೆಸೋನು ನೀನು, ಇಷ್ಟು ತಿಳೀದಾ?" ಅಂದೆ. ಅಷ್ಟಕ್ಕೇ ಸುಮ್ಮನಿರಬಹುದಿತ್ತು. ನನ್ನ ಬಾಯಿ ನಿಮಗೆ ಗೊತ್ತು. "ನಾಲ್ಕು ವಾರ ಕೊಡು. ಬಿಲ್ಲನ್ನ ಏಳುನೂರಕ್ಕೆ ಇಳಿಸ್ತೀನಿ. ಆಗ್ದಿದ್ರೆ ನಾನೇ ನಿಂತು ಗೋಡೆ ಎತ್ತಿಸ್ತೀನಿ" ಎಂದುಬಿಟ್ಟೆ. ಬಾಗಿಲ ಹಿಂದೆ ತೇನ್ಮೊಳಿ ನಿಂತಿದ್ದಳು. ಅವಳ ಮುಖ ನೋಡಿದ ಮೇಲೆ ಮಾತು ವಾಪಸ್ಸು ತೆಗೆದುಕೊಳ್ಳುವ ಹಾಗಿರಲಿಲ್ಲ.

ಎರಡು ವಾರ ಸಂತೆಗೆ ನಾನೇ ಹೋದೆ. ಮೂವತ್ತು ವರ್ಷ ಹೋಟೆಲಿಗೆ ಸಾಮಾನು ತಂದ ಜಂಬ ಇತ್ತಲ್ಲ. ತರಕಾರಿಯವನ ಹತ್ತಿರ ಜಗಳವಾಡಿದೆ, ಬಾಡಿದ ಬೀನ್ಸ್ ತಂದೆ, ಕಾಫಿಗೆ ನೀರು ಹೆಚ್ಚಿಸಿದೆ. ಪುಷ್ಪಾ ಲೋಟ ಎತ್ತಿ ಹಿಡಿದು, "ಅಜ್ಜಿ, ಈ ಕಾಫೀಲಿ ಆಚೆ ಕಡೆ ಕಾಣಿಸ್ತದೆ" ಅಂದಳು. ಆದರೂ ಬಿಲ್ಲು ಎಂಟುನೂರರ ಕೆಳಗೆ ಇಳಿಯಲಿಲ್ಲ. ಮೂರನೇ ವಾರ ದೀಪಾವಳಿ ಬಂತು. ನಿಜ ಹೇಳುತ್ತೇನೆ, ಆಗ ನನಗೆ ದಾರಿ ತೋಚಲಿಲ್ಲ. ಹಬ್ಬದ ಹಿಂದಿನ ದಿನ ಹಣವನ್ನೂ ಚೀಲವನ್ನೂ ತೇನ್ಮೊಳಿಯ ಕೈಗೆ ಕೊಟ್ಟು, "ನಿನ್ನ ಒಲೆ, ನೀನೇ ಉಳಿಸ್ಕೋ" ಅಂದೆ.

ಬೊಕ್ಕಾಪುರಂ ರೆಸಾರ್ಟಿನವರನ್ನು ಗೂಡಲೂರಿಗೆ ಬಿಟ್ಟು ದೇವನ ಜೀಪು ಖಾಲಿ ಬರುತ್ತದಲ್ಲ, ಅದರಲ್ಲಿ ಗೂಡಲೂರಿನ ಮಂಡಿಗೆ ಹೋಗಿ ಬಂದಳು. ತಂದದ್ದು ಏನು ಗೊತ್ತೇ? ಒಂದು ಮೂಟೆ ಈರುಳ್ಳಿ. ಬೇಳೆ ಇಲ್ಲ, ಎಣ್ಣೆ ಇಲ್ಲ, ಹಬ್ಬಕ್ಕೆ ಬೆಲ್ಲ ಇಲ್ಲ. ಐವತ್ತು ಕಿಲೋ ಈರುಳ್ಳಿ ನಡುಮನೆಯಲ್ಲಿ ಕೂತಿತು. ನಟರಾಜ ಹೋಟೆಲಿನಿಂದ ಬಂದವನು ಎಡವಿ, "ಇದೇನ್ ಮನೆನಾ ಮಂಡಿನಾ?" ಎಂದು ಕೂಗಿದ. ಬೀಗಿತ್ತಿ ಹಣೆ ಚಚ್ಚಿಕೊಂಡರು. ನಾನು ಗೋಡೆಗೆ ಎಷ್ಟು ಇಟ್ಟಿಗೆ ಬೇಕೆಂದು ಮನಸ್ಸಿನಲ್ಲೇ ಎಣಿಸತೊಡಗಿದೆ.

ತೇನ್ಮೊಳಿ ಮಾತ್ರ ಸೆರಗು ಸಿಕ್ಕಿಸಿಕೊಂಡು ಮೂಟೆಯ ಹೊಲಿಗೆ ಬಿಚ್ಚಿದಳು. "ಅತ್ತೆ, ನಮ್ ಲೈನಲ್ಲಿ ಸಂಬಳ ಬಂದ್ರೆ ಯಾರೂ ಒಬ್ಬೊಬ್ರೇ ಅಂಗಡಿಗೆ ಹೋಗಲ್ಲ. ಐದು ಮನೆ ಸೇರಿ ಮೂಟೆ ತಗೊಂಡು ಹಂಚ್ಕೊಳ್ತಾರೆ. ಒಬ್ರೇ ಹೋದ್ರೆ ಅಂಗಡಿಕಾರನಿಗೆ ಲಾಭ, ಲೈನೇ ಹೋದ್ರೆ ಲೈನಿಗೆ ಲಾಭ. ನಂಗೆ ಇಲ್ಲಿ ಲೈನ್ ಇಲ್ಲ, ಬೀದಿ ಇದೆ."

ಕಿಲೋ ಐದು ರೂಪಾಯಿಗೆ ತಂದಿದ್ದಳು. ನಮ್ಮೂರ ಅಂಗಡಿಯಲ್ಲಿ ಒಂಬತ್ತು. ಏಳಕ್ಕೆ ಕೊಡುತ್ತೇವೆಂದು ಬೀದಿಗೆ ಹೇಳಿಬಂದಳು. ಹೋಟೆಲಿನ ತಕ್ಕಡಿ ತರಿಸಿದೆ. ತಕ್ಕಡಿ ಉಣ್ಣುವ ಪದಾರ್ಥವಲ್ಲ, ನಿಮ್ಮ ಕಾನೂನಿಗೆ ಸೇರುವುದಿಲ್ಲ. ಪ್ರೇಮಲತಾ ಬಾಣಂತಿ, ಹೊಸಿಲು ದಾಟುವಂತಿಲ್ಲ. ಹಾಗಾಗಿ ಕಿವಿಗೆ ಬಟ್ಟೆ ಕಟ್ಟಿಕೊಂಡು ಹೊಸಿಲ ಒಳಗೆ ಕೂತು, ತಕ್ಕಡಿಯನ್ನು ಹೊಸಿಲ ಹೊರಗೆ ಹಿಡಿದು ತೂಗಿದಳು. ತೇನ್ಮೊಳಿ ತುಂಬಿ ಕೊಟ್ಟಳು. ಸ್ವಲ್ಪ ಹೊತ್ತು ಬೀಗಿತ್ತಿ ದೂರದಿಂದ ನೋಡಿದರು. ಪ್ರೇಮಲತಾ ಯಾರಿಗೋ ಚಿಲ್ಲರೆ ತಪ್ಪು ಕೊಟ್ಟಳು ನೋಡಿ, ತಡೆಯಲಾಗಲಿಲ್ಲ. "ದುಡ್ಡು ನನ್ ಕೈಗೆ ಕೊಡ್ರೇ, ನಿಮ್ಮಿಬ್ಬರ ಕೈಲಿದ್ರೆ ಮನೆ ಮುಳುಗ್ತದೆ" ಎಂದು ಬಂದು ಕೂತೇಬಿಟ್ಟರು. ಕತ್ತಲಾಗುವುದರೊಳಗೆ ಮೂವತ್ತೈದು ಕಿಲೋ ಹೋಯಿತು. ಉಳಿದ ಹದಿನೈದು ಕಿಲೋ ಎಲ್ಲ ಸೇರಿ ನಮಗೆ ಬರೀ ಐದು ರೂಪಾಯಿಗೆ ಬಿತ್ತು. ಹೋದ ವರ್ಷ ಈರುಳ್ಳಿ ಸೇಬಿಗಿಂತ ತುಟ್ಟಿಯಾಗಿದ್ದಾಗ ನೀವು ದೋಸೆಯ ಪಲ್ಯಕ್ಕೆ ಎಲೆಕೋಸು ಹಾಕಿಸಿದ್ದು ನೆನಪಾಗಿ ನಾನು ಒಬ್ಬಳೇ ನಕ್ಕೆ.

ಕೈಗೆ ಬಂದ ಹಣದಲ್ಲಿ ಬೇಳೆ, ಬೆಲ್ಲ, ಎಣ್ಣೆ ತಂದೆವು. ಹಬ್ಬದ ದಿನ ಹುಡುಗಿ ನೇಂದ್ರ ಬಾಳೆಕಾಯಿ ಹೆಚ್ಚಿ ಚಿಪ್ಸ್ ಕರಿದಳು. ಬೀಗಿತ್ತಿ ಒಂದು ಬಾಯಿಗೆ ಹಾಕಿಕೊಂಡರು. ಆಮೇಲೆ ಒಂದು ಹಿಡಿ. ಆಮೇಲೆ ಡಬ್ಬಿ ಪಕ್ಕಕ್ಕೇ ಬಂತು.

"ಯಾವ ಎಣ್ಣೆಲಿ ಕರದ್ಯೇ?" ಎಂದು ಕೇಳಿದರು.

"ತಲೆಗೆ ಹಚ್ಚೋದ್ರಲ್ಲಿ, ಪಾಟಿ."

ಬೀಗಿತ್ತಿ ಜಗಿಯುವುದನ್ನು ನಿಲ್ಲಿಸಿ, ಅವಳನ್ನು ನೋಡಿ, ಮತ್ತೆ ಜಗಿದರು. ಡಬ್ಬಿ ಮಾತ್ರ ಕೊಡಲಿಲ್ಲ.

ಹೋದ ವಾರ, ಅಂದರೆ ನಾಲ್ಕನೇ ವಾರ, ಬೀದಿಯ ಹೆಂಗಸರೇ ಬಂದು ಮುಂಗಡ ಕೊಟ್ಟು ಹೋದರು. ಆಲೂಗೆಡ್ಡೆ ಮೂಟೆ, ಟೊಮೇಟೊ ಪೆಟ್ಟಿಗೆ, ಎಣ್ಣೆಯ ಟಿನ್ನು ಎಲ್ಲ ಹಾಗೇ ಬಂದವು. ಸಂಜೆ ನಟರಾಜ ಪೆನ್ಸಿಲ್ ಕಿವಿಗೆ ಸಿಕ್ಕಿಸಿಕೊಂಡು ಲೆಕ್ಕಕ್ಕೆ ಕೂತ. ಮನೆಯವರೆಲ್ಲ ಸುತ್ತ ನಿಂತೆವು. ಕೂಡಿದ, ಮತ್ತೊಮ್ಮೆ ಕೂಡಿದ. "ಏಳುನೂರ ಹನ್ನೆರಡು. ಹನ್ನೆರಡು ರೂಪಾಯಿ ಜಾಸ್ತಿ ಆಯ್ತಲ್ಲವ್ವ" ಅಂದ. ಅವನು ನಿಮ್ಮ ಮಗ, ಬಿಟ್ಟುಕೊಡುವ ಪೈಕಿಯಲ್ಲ. ತೇನ್ಮೊಳಿ ತಲೆ ತಗ್ಗಿಸಿದಳು.

ಬೀಗಿತ್ತಿ ಸೊಂಟದ ಸಂಚಿ ಬಿಚ್ಚಿ, ಹತ್ತರ ನೋಟು, ಎರಡರ ನಾಣ್ಯ ತೆಗೆದು ಅಳಿಯನ ಮುಂದೆ ಇಟ್ಟರು. "ತಗಳಪ್ಪ. ಅದು ನಾನ್ ತಿಂದ ಚಿಪ್ಸಿಂದು. ಈಗ ಗೋಡೆ ಮಾತು ಬಿಟ್ಟು ಊಟಕ್ಕೆ ಏಳು" ಅಂದರು.

ಹೀಗೆ ನಿಮ್ಮ ಮನೆಯಲ್ಲಿ ಮೂರು ಎಣ್ಣೆಯೂ ಉಳಿದವು, ಒಲೆ ಒಂದೇ ಉಳಿಯಿತು. ಬೇರೆ ಒಲೆ ಹಾಕಿಸುವುದಿಲ್ಲ. ಇದು ನನ್ನ ಉತ್ತರ.

ನಿಮ್ಮ ಲೆಕ್ಕವೂ ನನಗೆ ಬಂದಿದೆ. ಮಲ್ಲಾಜಮ್ಮ ಬರೆದಿದ್ದಾಳೆ. "ಅತ್ತಿಗೆ, ಅಣ್ಣಯ್ಯ ಸರಿಯಾಗಿ ಉಣ್ಣಲ್ಲ. ದಿನಾ ಸಂಜೆ ಬಸ್ ಸ್ಟ್ಯಾಂಡಿಗೆ ಹೋಗಿ, ಊಟಿ ಬಸ್ಸು ಹೊರಡೋದ ನೋಡ್ಕೊಂಡು ಬರ್ತಾನೆ. ಕೇಳಿದ್ರೆ ಗಾಳಿಗೆ ಹೋಗಿದ್ದೆ ಅಂತಾನೆ" ಎಂದು. ಗುಂಡ್ಲುಪೇಟೆ ಬಸ್ ಸ್ಟ್ಯಾಂಡಿನ ಗಾಳಿ ಎಂಥದೆಂದು ನನಗೂ ಗೊತ್ತು. ಟಿಕೆಟ್ಟಿಗೆ ಚಿಲ್ಲರೆ ಇಲ್ಲದಿದ್ದರೆ ತಂಗಿಯ ಹತ್ತಿರ ಇಸಿದುಕೊಳ್ಳಿ. ತೆಪ್ಪಕಾಡಿನಲ್ಲಿ ಇಳಿದರೆ ದೇವ ಜೀಪು ತರುತ್ತಾನೆ. ಅವನ ಮುಖ ನೋಡಲಾರೆ ಎಂದಾದರೆ ಬಸ್ಸಿನಲ್ಲೇ ಮಸಿನಗುಡಿಗೆ ಬನ್ನಿ.

ತೇನ್ಮೊಳಿ ನಿಮ್ಮ ವಿಷಯ ಒಂದೊಂದೇ ಕೇಳಿ ತಿಳಿದುಕೊಳ್ಳುತ್ತಿದ್ದಾಳೆ. "ಮಾಮಾಗೆ ಸಾರಿಗೆ ಬೆಲ್ಲ ಬೇಕಾ? ಮುದ್ದೆ ಎಷ್ಟು ದೊಡ್ಡದು?" ಎನ್ನುತ್ತಾಳೆ. ಮುದ್ದೆ ಕಟ್ಟುವುದನ್ನು ಕಲಿಯುತ್ತಿದ್ದಾಳೆ. ಈಗಿನ ಮುದ್ದೆ ಗೋಡೆಗೆ ಹೊಡೆದರೆ ವಾಪಸ್ಸು ಬರುತ್ತದೆ. ನೀವು ಬರುವ ಹೊತ್ತಿಗೆ ಮೆತ್ತಗಾಗಬಹುದು. ಮುದ್ದೆಯ ಮಾತು ಹೇಳಿದೆ.

ಶೀತಕ್ಕೆ ಕಿವಿ ಮುಚ್ಚಿಕೊಳ್ಳಿ. ಮಲ್ಲಾಜಮ್ಮನಿಗೆ ನನ್ನ ಪ್ರೀತಿ, ಅವಳ ಮಕ್ಕಳಿಗೆ ಆಶೀರ್ವಾದ. ಎಲ್ಲರೂ ಹೊಟ್ಟೆತುಂಬ ಉಂಡು ಬಾಳಲಿ. ಇಲ್ಲಿಯ ಮಕ್ಕಳು ನಿಮ್ಮ ಕಾಲಿಗೆ ನಮಸ್ಕಾರ ಹೇಳಿದ್ದಾರೆ, ಹೆಸರಿಲ್ಲದವನೂ ಸೇರಿ.

ಇಂತಿ ನಿಮ್ಮ,
ಮಾದಮ್ಮ

ಕಾಗದ ಮಡಿಸಿದ ಮೇಲೆ ಮತ್ತೆ ಬಿಚ್ಚಿದ್ದೇನೆ. ಇದೊಂದು ಮಾತನ್ನು ನಿಮಗೆ ಇಷ್ಟು ವರ್ಷ ಹೇಳಿಲ್ಲ.

ನಾನೂ ನಿಮ್ಮ ಕಡೆಯವಳಲ್ಲ, ನಡುವಟ್ಟಂ ಹತ್ತಿರದ ಗುಡ್ಡದ ಬಡಗರ ಹಟ್ಟಿಯವಳು, ಅದು ನಿಮಗೆ ಗೊತ್ತೇ ಇದೆ. ಮೈಸೂರು ಕಡೆಯವನನ್ನು ಕಟ್ಟಿಕೊಂಡೆನೆಂದು ಅಪ್ಪ ನನ್ನ ಕೈಯ ಅನ್ನ ಮುಟ್ಟುವುದಿಲ್ಲ ಎಂದರು. "ಹಸಿದ್ರೆ ಮುದುಕ ತಾನೇ ಬರ್ತಾನೆ ಬಿಡು" ಎಂದು ನೀವು ನನ್ನ ಕಣ್ಣು ಒರೆಸುತ್ತಿದ್ದಿರಿ.

ಅಪ್ಪ ಬಂದಿದ್ದರು. ನಟರಾಜ ಹುಟ್ಟಿದ ವರ್ಷ, ನೀವು ಸಾಮಾನಿಗೆ ಮೈಸೂರಿಗೆ ಹೋಗಿದ್ದ ದಿನ. ಊಟಿ ಬಸ್ಸಿನಿಂದ ಇಳಿದು, ನಮ್ಮ ಹೋಟೆಲಿನ ಎದುರಿಗಿರುವ ಮಹಾಲಿಂಗಂ ಟೀ ಅಂಗಡಿಯ ಬೆಂಚಿನ ಮೇಲೆ ಈ ಕಡೆ ಮುಖ ಮಾಡಿ ಕೂತರು. ಮಗು ತೊಟ್ಟಿಲಲ್ಲಿತ್ತು, ನನ್ನ ಕೈಯೆಲ್ಲ ಹಿಟ್ಟಾಗಿತ್ತು. ಟೀ ಕುಡಿದು ಬರುತ್ತಾರೆ ಎಂದುಕೊಂಡು ಒಂದು ಎಲೆ ತೊಳೆದು ಹಾಕಿದೆ. ಬಸ್ಸು ಹಾರ್ನ್ ಹೊಡೆಯಿತು. ಎದ್ದು ಹತ್ತಿ ಹೋದರು. ಆಮೇಲೆ ಮಹಾಲಿಂಗಂ ಬಂದು ಹೇಳಿದ, "ಯಾರೋ ಗುಡ್ಡದ ಯಜಮಾನರು, ಅಲ್ಲಿ ಅವರೆ ಉದಕ ಮಾಡ್ತಾರಾ ಅಂತ ಕೇಳಿದ್ರಮ್ಮ. ಮಾಡ್ತಾರೆ, ಹೋಗಿ ಉಣ್ಣಿ ಅಂದೆ." ಉದಕ ಎಂದರೆ ನಮ್ಮ ಹಟ್ಟಿಯ ಅವರೆಕಾಳಿನ ಸಾರು, ನಿಮಗೆ ಗೊತ್ತಲ್ಲ. ಅಂದು ಒಲೆಯ ಮೇಲೆ ಅದೇ ಇತ್ತು. ಆ ಚಳಿಗಾಲ ಕಳೆಯುವ ಮೊದಲೇ ಅಪ್ಪ ಹೋದರು.

ಊರಿಗೆಲ್ಲ ಉಣ್ಣಲು ಹಾಕಿದ್ದೇನೆ. ಆ ಒಂದು ಎಲೆ ಹಾಗೇ ಉಳಿಯಿತು. ತೇನ್ಮೊಳಿಗೆ ಅಂಥದೊಂದು ಎಲೆ ಬೇಡ.

ಬಸ್ಸಿಳಿದು ಎದುರಂಗಡಿಯಲ್ಲಿ ಕೂರಬೇಡಿ, ನೇರ ಮನೆಗೆ ಬನ್ನಿ. ಮಹಾಲಿಂಗಂಗೆ ಹೇಳಿಟ್ಟಿದ್ದೇನೆ, ಅವನು ನಿಮಗೆ ಟೀ ಕೊಡುವುದಿಲ್ಲ.