ತೊಟ್ಟಿಲಿಗೆ ನಕ್ಷತ್ರದ ಕಬ್ಬಿಣ

ಆಲ್ಕೊಳ, ಶಿವಮೊಗ್ಗ
12 ಫೆಬ್ರವರಿ 2025, ಬುಧವಾರ

ಶಿವಯೋಗಿ ಅವರಿಗೆ, ಶರಣು.

ಎದುರಿಗಿದ್ದಾಗ ‘ರೀ’ ಎಂದರೆ ಸಾಕಾಗುತ್ತಿತ್ತು. ಕಾಗದದ ಮೇಲೆ ಆ ಒಂದಕ್ಷರ ಒಂಟಿಯಾಗಿ ನಿಲ್ಲುವುದಿಲ್ಲ, ಹಾಗಾಗಿ ಹೆಸರು ಬರೆದೆ. ಬರೆದ ಮೇಲೆ ಯಾರಿಗೋ ಕಳಿಸುವ ಕರೆಯೋಲೆಯ ಹಾಗೆ ಕಾಣಿಸಿತು. ಇರಲಿ, ಇದು ಕರೆಯೋಲೆಯೇ.

ಭಾನುವಾರ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕಿ ಹೆಸರಿಡುತ್ತೇವೆ. ಬೆಳಿಗ್ಗೆ ಬಂದು, ಊಟ ಮುಗಿಸಿ, ಮಧ್ಯಾಹ್ನದ ಬಸ್ಸಿಗೆ ಭದ್ರಾವತಿಗೆ ಹಿಂದಿರುಗುವುದಾಗಿ ಮಗಳು ಸ್ಪಂದನಾಗೆ ಹೇಳಿದಿರಂತೆ. ಅದು ಸಾಲದು. ಶನಿವಾರ ಸಂಜೆಯೇ ನೀವು ಇಲ್ಲಿರಬೇಕು. ಇಲ್ಲದಿದ್ದರೆ ತೊಟ್ಟಿಲ ಶಾಸ್ತ್ರವೇ ನಿಂತುಹೋಗುವ ಹಾಗಿದೆ. ಕಾರಣ ಕೇಳಿದರೆ ನೀವು ನಗುತ್ತೀರಿ. ನಾನಂತೂ ಸೋಮವಾರದಿಂದ ನಗುತ್ತಿದ್ದೇನೆ. ಫೋನಿನಲ್ಲಿ ಇದನ್ನೆಲ್ಲ ಹೇಳಲು ಬರುವುದಿಲ್ಲ. ಫೋನಿನಲ್ಲಿ ನಾವಿಬ್ಬರೂ ‘ಊಟ ಆಯ್ತಾ’ ಎಂಬುದನ್ನು ದಾಟಿ ಮುಂದೆ ಹೋದವರಲ್ಲ.

ಸೋಮವಾರ ನಮ್ಮ ಬೀಗರು ಜಗದಾಂಬಾ ಭದ್ರಾವತಿ ಹಳೇನಗರದಿಂದ ಸೊಸೆಯನ್ನೂ ಮೊಮ್ಮಗಳನ್ನೂ ನೋಡಲು ಬಂದಿದ್ದರು. ಬ್ಯಾಗಿನಲ್ಲಿ ಬಾಣಂತಿಗೆ ಅಂಟಿನುಂಡೆ, ಮಗುವಿಗೆ ಬಜೆ, ಕುಲಾವಿ. ಎಲ್ಲದರ ಅಡಿಯಲ್ಲಿ, ಬಿಳಿ ಬಟ್ಟೆಯಲ್ಲಿ ಸುತ್ತಿದ ಅಡಕತ್ತರಿ. ಮಗುವಿನ ತಲೆದಿಂಬಿನ ಕೆಳಗೆ ಕಬ್ಬಿಣ ಇರಬೇಕು, ಇದ್ದರೆ ಕೆಟ್ಟದ್ದು ಹತ್ತಿರ ಸುಳಿಯುವುದಿಲ್ಲ ಎನ್ನುವುದು ಅವರ ಮನೆಯಲ್ಲಿ ನಡೆದುಬಂದದ್ದು.

ಸ್ಪಂದನಾ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಡುವವಳು. ಬಾಣಂತಿ ಮಂಚದ ಮೇಲೂ ಪಾಠ ಬಿಟ್ಟಿಲ್ಲ. ದೆವ್ವಕ್ಕೂ ಲೋಹಕ್ಕೂ ಏನು ಸಂಬಂಧ ಎಂದು ಅತ್ತೆಯನ್ನು ಕೇಳಿದಳು.

“ನೋಡು ಮಾರಾಯ್ತಿ, ನಿನ್ನ ಗಂಡನ ತಲೆ ಕೆಳಗೂ ಇದೇ ಇತ್ತು. ಅವನಿಗೇನಾಗಿದೆ?” ಎಂದರು ಜಗದಾಂಬಾ.

“ಏನೂ ಆಗಿಲ್ಲ ಅತ್ತೆ. ಇವತ್ತಿಗೂ ಮಗ್ಗಲು ಬದಲಾಯಿಸೋಕೆ ಹೆದರ್ತಾರೆ, ಅಷ್ಟೇ. ಮಗು ತಲೆ ಹತ್ರ ಕತ್ತರಿ ಇಟ್ರೆ ನಾನು ತೊಟ್ಟಿಲಿಗೇ ಹಾಕಲ್ಲ.”

“ಕಬ್ಬಿಣ ಇಲ್ದಿದ್ರೆ ನಮ್ಮ ಮನೆಯೋರು ಯಾರೂ ಬರಲ್ಲ.”

ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಇಬ್ಬರದೂ ಸರಿ ಅನ್ನಿಸಿತು. ಹಾಗನ್ನಿಸಿದಾಗ ಸುಮ್ಮನಿರುವುದು ನನ್ನ ಸ್ವಭಾವ. ನಿಮ್ಮದೂ ಅದೇ.

ಜಗದಾಂಬಾ ಬ್ಯಾಗು ಎತ್ತಿಕೊಂಡು ಹೊರಟೇಬಿಟ್ಟರು. ನನ್ನ ಕೋಣೆಯನ್ನು ಬಾಣಂತಿಗೆ ಬಿಟ್ಟುಕೊಟ್ಟದ್ದರಿಂದ ಬರೆಯುವ ಮೇಜು ಈಗ ಹಜಾರದಲ್ಲಿದೆ. ಅದರ ಮುಂದೆ ಅವರು ತಟ್ಟನೆ ನಿಂತರು. ಬ್ಯಾಗನ್ನು ಕೆಳಗಿಟ್ಟರು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಕಣ್ಣು ಮುಚ್ಚಿ, ಕೈ ಮುಗಿದರು. ಆಮೇಲೆ, ಸಿಟ್ಟಿಗೆ ಬೇರೊಂದು ದಾರಿ ಸಿಕ್ಕವರ ಹಾಗೆ ನನ್ನ ಕಡೆ ತಿರುಗಿದರು.

“ಏನ್ ಬೀಗ್ರೇ, ಲಿಂಗಾನ ಯಾರಾದ್ರೂ ಹುಡುಗ್ರ ಉತ್ತರ ಪತ್ರಿಕೆ ಮೇಲೆ ಇಡ್ತಾರಾ?”

ಅವರು ಕೈ ಮುಗಿದದ್ದು ನೀವು ಕೊಟ್ಟ ಕಬ್ಬಿಣದ ಉಂಡೆಗೆ.

ಮದುವೆಯಾದ ಹೊಸತರಲ್ಲಿ ಭದ್ರಾವತಿ ನ್ಯೂ ಟೌನಿನ ನಮ್ಮ ಸಾಲಿನ ಗಂಡಸರೆಲ್ಲ ಸಂಜೆ ಮಲ್ಲಿಗೆ ತರುತ್ತಿದ್ದರು. ನೀವು ಒಂದು ದಿನ, ಎರಕದಲ್ಲಿ ಮಿಕ್ಕ ಕಬ್ಬಿಣವನ್ನು ಮೊಟ್ಟೆಯಾಕಾರಕ್ಕೆ ಹೊಯ್ಯಿಸಿ, ಕರವಸ್ತ್ರದಲ್ಲಿ ಕಟ್ಟಿ ತಂದಿರಿ. ಇನ್ನೂ ಬೆಚ್ಚಗಿತ್ತು. ಭಾರ ಇದೆಯಲ್ಲವೇ ಎಂದು ಮಾತ್ರ ಕೇಳಿದಿರಿ. ನಾನು ಶಿವಮೊಗ್ಗಕ್ಕೆ ಬರುವಾಗ ಅದು ಹೇಗೋ ನನ್ನ ಪುಸ್ತಕಗಳ ಜೊತೆ ಸೇರಿಕೊಂಡಿತು. ಫ್ಯಾನಿನ ಗಾಳಿಗೆ ಪತ್ರಿಕೆಗಳು ಹಾರದಂತೆ ಇಟ್ಟಿರುತ್ತೇನೆ. ಇತಿಹಾಸ ಪಾಠ ಮಾಡುವವಳಿಗೆ ಭಾರದ ವಸ್ತು ಒಂದು ಬೇಕಾಗುತ್ತದೆ.

‘ಇದು ಲಿಂಗವಲ್ಲ, ನಿಮ್ಮ ಬೀಗರು ಕಾರ್ಖಾನೆಯಿಂದ ತಂದುಕೊಟ್ಟದ್ದು’ ಎಂದೆ. ಜಗದಾಂಬಾ ಒಂದು ಕ್ಷಣ ಪೆಚ್ಚಾದರು. ಆಮೇಲೆ, ಮುಗಿದ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳುವುದಕ್ಕಂತೂ ಆಗುವುದಿಲ್ಲ ಎಂದು ಅವರೇ ಮೊದಲು ನಕ್ಕರು. ಒಳಗಿನಿಂದ ಮಗುವನ್ನು ಎತ್ತಿಕೊಂಡು ಬಂದ ಸ್ಪಂದನಾ ನಗಲಿಲ್ಲ. ಉಂಡೆಯನ್ನು ಕೈಗೆ ತೆಗೆದುಕೊಂಡು, ಅಪ್ಪ ಕೊಟ್ಟದ್ದೇ ಎಂದು ಎರಡು ಸಲ ಕೇಳಿದಳು.

ಆಮೇಲೆ ಅತ್ತೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಕರೆಂಟು ಹೋದ ಸಂಜೆಗಳಲ್ಲಿ ತಾರಸಿಯ ಮೇಲೆ ನೀವು ಅವಳಿಗೆ ಹೇಳುತ್ತಿದ್ದುದನ್ನೆಲ್ಲ ಹೇಳಿದಳು. ದೊಡ್ಡ ನಕ್ಷತ್ರವೊಂದು ಬದುಕಿನುದ್ದಕ್ಕೂ ಉರಿಯುತ್ತದೆ. ಒಂದು ಉರಿಯ ಬೂದಿಯೇ ಮುಂದಿನ ಉರಿಗೆ ಸೌದೆ. ಕೊನೆಗೆ ಹೊಟ್ಟೆಯಲ್ಲಿ ಕಬ್ಬಿಣ ತುಂಬುತ್ತದೆ. ಕಬ್ಬಿಣ ಅದಕ್ಕೆ ಸೌದೆಯಾಗುವುದಿಲ್ಲ. ಆಗ ತನ್ನೊಳಕ್ಕೆ ತಾನೇ ಕುಸಿದು, ಸಿಡಿದು, ಕೂಡಿಟ್ಟದ್ದನ್ನೆಲ್ಲ ಆಕಾಶಕ್ಕೆ ಎರಚಿಬಿಡುತ್ತದೆ. ಕೆಮ್ಮಣ್ಣುಗುಂಡಿಯ ಅದಿರು ಅಲ್ಲಿಂದ ಬಂದದ್ದು, ರಕ್ತದ ಕೆಂಪೂ ಅಲ್ಲಿಂದ ಬಂದದ್ದು.

“ಬಸುರಿನಲ್ಲಿ ನಾನು ಮೂಗು ಮುಚ್ಕೊಂಡು ನುಂಗಿದ್ನಲ್ಲ ಅತ್ತೆ, ಆ ಮಾತ್ರೇಲಿ ಇದ್ದಿದ್ದೂ ಸತ್ತ ನಕ್ಷತ್ರದ ಕಬ್ಬಿಣಾನೇ.”

ಜಗದಾಂಬಾ ಮಗುವಿನ ಕುಲಾವಿ ಸರಿಮಾಡಿದರು.

“ಮಗು ಮುಂದೆ ಸತ್ತದ್ದು ಅನ್ಬೇಡ. ಬೂದಿ ಅನ್ನು. ಬೂದಿ ಆದ್ರೆ ಅಡ್ಡಿಯಿಲ್ಲ, ನಾವು ದಿನಾ ಹಣೆಗೆ ಹಚ್ಕೊಳ್ಳೋದು ಅದನ್ನೇ.”

ಆ ಮಾತು ನನ್ನಲ್ಲಿ ಉಳಿದುಕೊಂಡಿದೆ. ಹೋದ ವಾರ ಅಯ್ಯನವರು ಬಂದು ವಿಭೂತಿ ಹಚ್ಚಿದಾಗ ಮಗು ಸೀನಿತು, ಎಲ್ಲರೂ ನಕ್ಕರು. ಉರಿದು ಮುಗಿದದ್ದನ್ನು ಈಗಷ್ಟೇ ಶುರುವಾದದ್ದರ ಹಣೆಗೆ ಹಚ್ಚುತ್ತಿದ್ದೇವೆ ಎಂದು ಆಗ ಯಾರಿಗೂ ಹೊಳೆಯಲಿಲ್ಲ. ಹೊಳೆದಿದ್ದರೂ ಯಾರೂ ಅದನ್ನು ಅಶುಭ ಎನ್ನುತ್ತಿರಲಿಲ್ಲ.

ಅಂತೂ ರಾಜಿಯಾಯಿತು. ಉಂಡೆಗೆ ಚೂಪಿಲ್ಲ, ದೆವ್ವದ ಕಾವಲಿಗಲ್ಲ, ಮನೆಯ ಹಿರಿಯನ ಹಾಗೆ ಇರಲಿ ಎಂದಳು ಸ್ಪಂದನಾ. ಏನು ಬೇಕಾದರೂ ಅನ್ನು, ದಿಂಬಿನ ಕೆಳಗೆ ಕಬ್ಬಿಣ ಇದ್ದರೆ ನನಗೆ ಸಾಕು ಎಂದರು ಅತ್ತೆ. ಆದರೆ ಹೊರಡುವಾಗ ಹೊಸಿಲಲ್ಲಿ ನಿಂತು ಒಂದು ಷರತ್ತು ಹಾಕಿದರು.

“ಕೊಟ್ಟೋರೇ ಬಂದು ಇಡ್ಬೇಕು. ಹಿಂದಿನ ಸಂಜೇನೇ ಬಂದು, ಈ ಮನೆಯೋರ ಹಾಗೆ ಇಡ್ಬೇಕು. ನೆಂಟ್ರ ಥರ ಉಂಡು ಬಸ್ ಹತ್ತೋದಾದ್ರೆ ನನ್ನ ಅಡಕತ್ತರೀನೇ ಇಡಿ.”

ಅಡಕತ್ತರಿಯನ್ನು ಇಲ್ಲೇ ಬಿಟ್ಟು ಹೋಗಿದ್ದಾರೆ. ಅದನ್ನಿಟ್ಟರೆ ಸ್ಪಂದನಾ ಮಗುವನ್ನು ಕೊಡುವುದಿಲ್ಲ. ಆದ್ದರಿಂದ ಎಲ್ಲವೂ ನಿಮ್ಮ ಮೇಲೆ ನಿಂತಿದೆ.

ನಾವೇಕೆ ಬೇರೆ ಬೇರೆ ಇದ್ದೇವೆ ಎಂದು ಜನ ಕೇಳುತ್ತಾರೆ. ಜಗಳವಾಗಿದ್ದರೆ ಉತ್ತರ ಸುಲಭವಾಗುತ್ತಿತ್ತು. ನನಗೆ ವರ್ಗವಾಯಿತು, ನಿಮಗೆ ಕಾರ್ಖಾನೆಯ ಕುಲುಮೆ ಇತ್ತು. ಅರ್ಧ ಗಂಟೆಯ ದಾರಿ. ಇಷ್ಟು ಹತ್ತಿರವಿದ್ದರೆ ಯಾರು ಯಾವಾಗ ಬೇಕಾದರೂ ಬರಬಹುದು ಎಂದುಕೊಂಡು ಇಬ್ಬರೂ ಉಳಿದೆವು. ಕುಲುಮೆ ಆರಿತು, ನೀವು ಅಲ್ಲೇ ಉಳಿದಿರಿ. ನಾನು ಕೇಳಲಿಲ್ಲ, ನೀವು ಹೇಳಲಿಲ್ಲ. ಅದಕ್ಕೆ ನಾವು ಮರ್ಯಾದೆ ಎಂಬ ಹೆಸರು ಕೊಟ್ಟುಕೊಂಡಿದ್ದೇವೆ.

ಮಗುವಿನ ಬಗ್ಗೆ ಬರೆಯಲೇ ಇಲ್ಲ. ತಲೆ ತುಂಬ ಕೂದಲು. ನಿದ್ದೆಯಲ್ಲಿ ನಿಮ್ಮ ಹಾಗೆಯೇ ಹುಬ್ಬು ಗಂಟಿಕ್ಕುತ್ತಾಳೆ, ಆಮೇಲೆ ಏನೋ ಹೊಳೆದವಳಂತೆ ಸಡಿಲಿಸುತ್ತಾಳೆ. ಇದನ್ನು ನೋಡುತ್ತ ಕೂತು ಒಲೆಯ ಮೇಲಿನ ಹಾಲು ಎರಡು ಸಲ ಉಕ್ಕಿದೆ.

ಸಾಗರ ರಸ್ತೆಯಲ್ಲಿ ಅಂಗಡಿಗಳು ಹೆಚ್ಚಾಗಿ ಗುರುತೇ ಸಿಗುವುದಿಲ್ಲ. ಆಲ್ಕೊಳ ಸರ್ಕಲಿನಲ್ಲಿ ಇಳಿದು ನಿಂತಿರಿ, ನಾನೇ ಬರುತ್ತೇನೆ.

ನಿಮ್ಮ
ವೇದಾವತಿ

ತಾ.ಕ.: ಸ್ವಯಂ ನಿವೃತ್ತಿಗೆ ಅರ್ಜಿ ಹಾಕಿದ್ದೆ, ಒಪ್ಪಿಗೆ ಬಂದಿದೆ. ಐದನೇ ತಿಂಗಳಿಗೆ ಸ್ಪಂದನಾ ಮಗುವಿನೊಂದಿಗೆ ಹಳೇನಗರಕ್ಕೆ ಹೋಗುತ್ತಾಳೆ. ಆಮೇಲೆ ಈ ಮನೆಯನ್ನು ಬಾಡಿಗೆಗೆ ಕೊಡುವುದಾಗಿ ಒಬ್ಬರಿಗೆ ಮಾತು ಕೊಟ್ಟಿದ್ದೇನೆ. ಮತ್ತೆ ನೀನೆಲ್ಲಿರುತ್ತೀ ಎಂದು ಸ್ಪಂದನಾ ಕೇಳಿದಳು. ನಿಮ್ಮಪ್ಪನನ್ನು ಕೇಳಿ ಹೇಳುತ್ತೇನೆ ಎಂದಿದ್ದೇನೆ. ನ್ಯೂ ಟೌನಿನ ಮನೆಯ ಹಿಂದಿನ ಕೋಣೆಯಲ್ಲಿ ನೀವು ಏನೇನು ತುಂಬಿಸಿಟ್ಟಿದ್ದೀರೋ ತಿಳಿಯದು. ಪುಸ್ತಕಗಳಿಗೆ ಒಂದು ಗೋಡೆಯಾದರೂ ಬೇಕು.