ಹೊರಗಿರಬೇಕಾದ ಪಟ್ಟಿ

ಹಿಂದಿನ ಕೋಣೆ, ಒದ್ದೆ ಬಟ್ಟೆಗಳ ನಡುವಿನಿಂದ
ಜನವರಿ ೧೯, ಭಾನುವಾರ

ಪ್ರೀತಿಯ ರೀ,

ಹೇಗಿದ್ದೀರಿ? ಸೊಂಟನೋವು ಕಡಿಮೆಯಾಯಿತೇ? ಹಡಗಿನವರಿಗೆಲ್ಲ ಬಿಸಿಬಿಸಿಯಾಗಿ ಬಡಿಸಿ, ಉಳಿದ ತಣ್ಣನೆಯದನ್ನು ನಿಂತುಕೊಂಡೇ ಉಣ್ಣುವ ಅಡುಗೆಯವರ ಬುದ್ಧಿ ನಿಮ್ಮದು. ಕೂತು ಉಣ್ಣಿ. ಇಲ್ಲಿ ನಾವಿಬ್ಬರೂ ಕ್ಷೇಮ. ಅತ್ತೆಯವರ ಕೆಮ್ಮು ಹೋಯಿತು, ಮಾತು ಹೋಗಿಲ್ಲ. ‘ಮಗ ನೀರಿನ ಮೇಲೆ, ಸೊಸೆ ನೀರಿನ ಕೆಳಗೆ, ನೆಲದ ಮೇಲೆ ನಾನೊಬ್ಳೇ’ ಎಂದು ಮನೆಗೆ ಬಂದವರಿಗೆಲ್ಲ ಹೇಳುತ್ತಾರೆ. ಹೇಳಲಿ ಬಿಡಿ, ನನ್ನ ಒದ್ದೆ ಕೈಗವಸುಗಳನ್ನು ಹೀಟರಿನ ಮೇಲೆ ಹರವಿ ಒಣಗಿಸುವವರೂ ಅವರೇ.

ಚಳಿ ಬಂದರೆ ಈ ಪುಟ್ಟ ಕಯಾಕ್ ದೋಣಿಯ ಹುಚ್ಚು ತಾನಾಗಿ ಇಳಿಯುತ್ತದೆ ಎಂದಿದ್ದಿರಲ್ಲ, ಇಳಿದಿಲ್ಲ ಸ್ವಾಮಿ. ನಮ್ಮ ಕ್ಲಬ್ಬಿನಲ್ಲಿ ನಿಜವಾದ ಪಾಠ ನಡೆಯುವುದೇ ಚಳಿಗಾಲದಲ್ಲಿ. ಬಂದರಿನ ಅಲೆತಡೆ ಗೋಡೆಯ ಒಳಗಿನ ನೀರಿನಲ್ಲಿ ಯಾರು ಬೇಕಾದರೂ ಹುಟ್ಟು ಹಾಕಬಹುದು. ಗೋಡೆ ದಾಟಿ ತೆರೆದ ಸಮುದ್ರಕ್ಕೆ ಹೋಗಬೇಕೆಂದರೆ ಪರೀಕ್ಷೆ ಪಾಸಾಗಬೇಕು: ದೋಣಿ ಮಗುಚಿ, ಅದರಿಂದ ಹೊರಬಂದು, ಮತ್ತೆ ಹತ್ತಿ ಕೂರಬೇಕು. ಈ ಚಳಿಗಾಲವಿಡೀ ನನಗಿದ್ದದ್ದು ಅದೊಂದೇ ಚಿಂತೆ. ಕಲಿಸುವಾಕೆ ಹೆರಿಗೆ ವಾರ್ಡಿನ ನರ್ಸ್. ನಾನು ಹೆದರಿದಾಗಲೆಲ್ಲ, ‘ತಲೆಕೆಳಗಾಗಿ ಬರೋದೇ ಸರಿ ಕಣಮ್ಮ, ಎಲ್ರೂ ಹಾಗೇ ಬಂದಿರೋದು. ಹೊರಗೆ ಬನ್ನಿ, ಅಷ್ಟೇ!’ ಎನ್ನುತ್ತಾಳೆ.

ಹೋದ ಭಾನುವಾರ ನನ್ನ ಸರದಿ. ನೀರು ಒಳಬರದ ಹಾಗೆ ಸೊಂಟಕ್ಕೆ ತೊಟ್ಟ ರಬ್ಬರು ಬಟ್ಟೆಯನ್ನು ದೋಣಿಯ ಬಾಯಿಗೆ ಬಿಗಿದುಕೊಂಡು ಕೂರುತ್ತೇವೆ. ಆ ಬಟ್ಟೆಯ ಮುಂದಿನ ಅಂಚಿಗೆ ಒಂದು ಪಟ್ಟಿ ಇರುತ್ತದೆ. ಮಗುಚಿದಾಗ ಅದನ್ನು ಎಳೆದರೆ ಬಟ್ಟೆ ಬಿಚ್ಚಿಕೊಳ್ಳುತ್ತದೆ, ನಾವು ಹೊರಗೆ. ಅದಕ್ಕೇ ಹೊರಡುವ ಮುಂಚೆ ಪಕ್ಕದವರ ಪಟ್ಟಿ ಮುಟ್ಟಿ ‘ಹೊರಗಿದೆ!’ ಎಂದು ಕೂಗುವುದು ನಮ್ಮ ಪದ್ಧತಿ. ನನ್ನ ಪಕ್ಕದವರು ನಮ್ಮ ಬೀದಿಯ ಮೂಲೆಯಂಗಡಿಯ ದರ್ಜಿ. ಪುಣ್ಯಾತ್ಮ, ಪಟ್ಟಿ ಮುಟ್ಟಿ ‘ಹೊರಗಿದೆ!’ ಎಂದು ಕೂಗಿದ್ದೂ ಆಯಿತು. ಆಮೇಲೆ ಅದು ಹಾಗೆ ಜೋತಾಡುವುದು ಕಣ್ಣಿಗೆ ಸಹಿಸದೆ ನೀಟಾಗಿ ಒಳಗೆ ಮಡಚಿ ಸೇರಿಸಿದ್ದೂ ಆಯಿತು! ಹುಟ್ಟುಗುಣ ಸುಟ್ಟರೂ ಹೋಗದು. ನಾನು ನರ್ಸಮ್ಮನ ಜೊತೆ ಹರಟುತ್ತಿದ್ದೆ, ನೋಡಲಿಲ್ಲ. ಮಗುಚಿದೆ. ಹಿಮದಂಥ ನೀರು, ಕಿವಿಯೊಳಗೆ ಗುಂಯ್ ಎಂಬ ಸದ್ದು, ಕೈಗೆ ಪಟ್ಟಿಯೇ ಇಲ್ಲ! ಜೀವ ಬಾಯಿಗೆ ಬಂತು ರೀ. ಆಗ ನಮ್ಮ ಬಿಗಿಮುಚ್ಚಳದ ಹಿಟ್ಟಿನ ಡಬ್ಬ ನೆನಪಾಯಿತು, ಮೇಲೆತ್ತಿದರೆ ಜಪ್ಪಯ್ಯ ಎಂದರೂ ಬರುವುದಿಲ್ಲ, ಪಕ್ಕದಿಂದ ಎಬ್ಬಿಸಬೇಕು. ಸೊಂಟದ ಪಕ್ಕಕ್ಕೆ ಕೈ ತಂದು ಬಟ್ಟೆಯ ಅಂಚು ಚಿವುಟಿ ಎಳೆದೆ. ಬಿಟ್ಟುಕೊಂಡಿತು. ಮೇಲೆ ಬಂದು ಕೆಮ್ಮಿ, ದರ್ಜಿಯವರಿಗೆ ಬಾಯಿಗೆ ಬಂದಂತೆ ಬೈದು, ಅವರು ಹಿಡಿದುಕೊಂಡ ದೋಣಿಯನ್ನೇ ಹತ್ತಿದೆ. ನರ್ಸ್ ಪಕ್ಕಕ್ಕೆ ಬಂದು ನನ್ನ ಪಟ್ಟಿಯನ್ನು ತಾನೇ ಹೊರಗೆಳೆದಳು. ‘ಪಾಸು. ಇನ್ಮೇಲೆ ಇದನ್ನೂ ಎಲ್ರಿಗೂ ಹೇಳ್ಕೊಡಿ’ ಎಂದಳು.

ಪಾಪ, ದರ್ಜಿಯವರು ಕಣ್ಣೀರು ಹಾಕಿಬಿಟ್ಟರು. ಚಳಿ ಮುಗಿಯುವವರೆಗೆ ಎಲ್ಲರಿಗೂ ಟೀ ಮಾಡುವುದು ಅವರಿಗೆ ಶಿಕ್ಷೆ. ಈ ದಿನ ದೋಣಿಮನೆಯಲ್ಲಿ ಎಲ್ಲರ ಪಟ್ಟಿಗೂ ಒಂದೊಂದು ದಪ್ಪ ಕೆಂಪು ಮರದ ಚೆಂಡು ಹೊಲಿದುಕೊಟ್ಟರು. ಇನ್ನು ಯಾರು ಮಡಚಿದರೂ ಒಳಗೆ ಕೂರುವುದಿಲ್ಲ. ಆದರೆ ಅವರ ಟೀ ಕುಡಿದರೆ ಶಿಕ್ಷೆ ಯಾರಿಗೆ ಎಂಬ ಅನುಮಾನ ಬರುತ್ತದೆ. ನಕ್ಕು ನಕ್ಕು ಹೊಟ್ಟೆ ಹುಣ್ಣಾಯಿತು. ನಾನು ಸಂತೋಷವಾಗಿದ್ದೇನೆ ರೀ, ನಿಜವಾಗಿ.

ಅತ್ತೆಯವರು ನಿಮಗೆ ಆಶೀರ್ವಾದ ಹೇಳಿದ್ದಾರೆ, ಮಫ್ಲರ್ ಸುತ್ತಿಕೋ ಎಂದೂ ಹೇಳಿದ್ದಾರೆ. ಎರಡನ್ನೂ ತಪ್ಪದೆ ಸ್ವೀಕರಿಸಿ.

ಇಂತಿ,
ಒದ್ದೆ ತಲೆಯ ನಿಮ್ಮವಳು

ಮ.ವಿ.: ಹೇಳುವುದೇ ಮರೆತೆ. ಮಾರ್ಚಿನಲ್ಲಿ ನಿಮ್ಮ ಹಡಗು ಬಂದಾಗ ಬಂದರಿನ ಬೇಲಿಯ ಹಿಂದೆ ನನ್ನನ್ನು ಹುಡುಕಬೇಡಿ. ಅಷ್ಟು ದೂರದ ಡೆಕ್ಕಿನಲ್ಲಿ ನೀವು ಯಾರೆಂದು ತಿಳಿಯದೆ, ಇಷ್ಟು ವರ್ಷ ಯಾರ್‍ಯಾರಿಗೋ ಕೈಬೀಸಿದ್ದೇನೆ. ಸಾಕು. ಈ ಸಲ ಗೋಡೆಯ ಆಚೆ, ಹಡಗಿನ ದಾರಿಗೆ ಅಡ್ಡಬಾರದ ಹಾಗೆ, ಹಳದಿ ದೋಣಿಯಲ್ಲಿ ಕಾಯುತ್ತಿರುತ್ತೇನೆ. ಒಲೆ ಆರಿಸಿ, ಹೊರಗೆ ಬನ್ನಿ.